ಇಮಾಮ್ ಗಝಾಲಿ

ಅಬೂ ಹಾಮಿದ್ ಮುಹಮ್ಮದ್ ಇಬ್ನ್ ಮುಹಮ್ಮದ್ ಅಲ್-ಗಝಾಲಿ (೧೦೫೮ – ಡಿಸೆಂಬರ್ ೧೮, ೧೧೧೧) ಮಧ್ಯಯುಗದ ಇಸ್ಲಾಮಿನ ಪ್ರಮುಖ ಧರ್ಮಶಾಸ್ತ್ರಜ್ಞರು, ನ್ಯಾಯಶಾಸ್ತ್ರಜ್ಞರು ಹಾಗೂ ಸೂಫಿ ಚಿಂತಕರು. ಇಸ್ಲಾಮಿನಲ್ಲಿ ಹೃದಯದ ಆಧ್ಯಾತ್ಮಿಕ ಶುದ್ಧೀಕರಣವನ್ನು, ಅರಬ್ಬಿಯಲ್ಲಿ ತಝ್ಕಿಯಾ ಎಂದು ಕರೆಯಲಾಗುವ ಸಾಧನೆಯನ್ನು, ಒಂದು ವ್ಯವಸ್ಥಿತ ಶಾಸ್ತ್ರವಾಗಿ ನಿರೂಪಿಸಿದವರಲ್ಲಿ ಇವರು ಅಗ್ರಗಣ್ಯರು. 'ಇಸ್ಲಾಮಿನ ಪ್ರಮಾಣ' ಎಂಬ ಅರ್ಥದ 'ಹುಜ್ಜತುಲ್ ಇಸ್ಲಾಮ್' ಎಂಬ ಬಿರುದಿಗೆ ಪಾತ್ರರಾಗಿದ್ದರು. ನಲವತ್ತು ಭಾಗಗಳ 'ಇಹ್ಯಾ ಉಲೂಮುದ್ದೀನ್' ಇವರ ಮೇರುಕೃತಿ.

ಜನನ ಮತ್ತು ಬಾಲ್ಯ

ಗಝಾಲಿಯವರು ಹಿಜರಿ ೪೫೦ರಲ್ಲಿ, ಅಂದರೆ ಕ್ರಿ.ಶ. ೧೦೫೮ರಲ್ಲಿ, ಖುರಾಸಾನ್ ಪ್ರಾಂತ್ಯದ ತೂಸ್ ಎಂಬಲ್ಲಿ ಜನಿಸಿದರು. ಈ ಊರು ಇಂದಿನ ಇರಾನ್ ದೇಶದ ಮಶ್ಹದ್ ನಗರದ ಸಮೀಪದಲ್ಲಿದೆ. ತಂದೆ ಉಣ್ಣೆ ನೂತು ಮಾರಿ ಜೀವನ ಸಾಗಿಸುತ್ತಿದ್ದರೆಂದೂ, ಓದು ಬರಹ ತಮಗೆ ದಕ್ಕಲಿಲ್ಲವೆಂಬ ಕೊರಗು ಅವರಿಗಿತ್ತೆಂದೂ ಪರಂಪರೆಯ ಚರಿತ್ರಕಾರರು ತಿಳಿಸುತ್ತಾರೆ. ಮರಣಕಾಲದಲ್ಲಿ ಅವರು ತಮ್ಮ ಇಬ್ಬರು ಗಂಡುಮಕ್ಕಳನ್ನು ಒಬ್ಬ ಸೂಫಿ ಮಿತ್ರರಿಗೆ ಒಪ್ಪಿಸಿ, ಅವರಿಗೆ ವಿದ್ಯೆ ಕಲಿಸುವಂತೆ ಕೇಳಿಕೊಂಡರು. ಬಿಟ್ಟುಹೋದ ಅಲ್ಪ ಹಣ ಮುಗಿದಾಗ, ಊಟ ವಸತಿ ದೊರೆಯುವ ಮದರಸಾಕ್ಕೆ ಸೇರುವಂತೆ ಆ ಮಿತ್ರರೇ ಬಾಲಕರಿಗೆ ಸೂಚಿಸಿದರು. ಕಿರಿಯ ಸಹೋದರ ಅಹ್ಮದ್ ಗಝಾಲಿ ಮುಂದೆ ಸ್ವತಃ ಹೆಸರಾಂತ ಸೂಫಿಯಾದರು.

ಶಿಕ್ಷಣ

ತೂಸ್ ಹಾಗೂ ಜುರ್ಜಾನ್‌ಗಳಲ್ಲಿ ಗಝಾಲಿಯವರ ಆರಂಭಿಕ ಶಿಕ್ಷಣ ನಡೆಯಿತು. ಜುರ್ಜಾನ್‌ನಿಂದ ಮರಳುವಾಗ ನಡೆದುದೆನ್ನಲಾದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ದಾರಿಯಲ್ಲಿ ಕಳ್ಳರು ಅವರ ಎಲ್ಲ ವಸ್ತುಗಳನ್ನೂ ದೋಚಿದರು. ಬೇರೇನೂ ಬೇಡ, ಪಾಠದ ಟಿಪ್ಪಣಿಗಳನ್ನು ಮಾತ್ರ ಹಿಂದಿರುಗಿಸಿ ಎಂದು ಅವರು ಬೇಡಿಕೊಂಡರು. ಚೀಲವೊಂದನ್ನು ಕಸಿದುಕೊಂಡರೆ ಇಲ್ಲವಾಗುವ ವಿದ್ಯೆಯನ್ನು ತನ್ನದೆಂದು ಹೇಗೆ ಹೇಳಿಕೊಳ್ಳುವೆ ಎಂದು ಕಳ್ಳರ ನಾಯಕ ನಕ್ಕನಂತೆ. ಊರಿಗೆ ಮರಳಿದ ಗಝಾಲಿಯವರು ಮೂರು ವರ್ಷಗಳ ಕಾಲ ಆ ಟಿಪ್ಪಣಿಗಳನ್ನೆಲ್ಲ ಕಂಠಪಾಠ ಮಾಡಿದರೆಂದು ಹೇಳಲಾಗುತ್ತದೆ.

ಅನಂತರ ನೈಶಾಪುರಕ್ಕೆ ತೆರಳಿ, 'ಇಮಾಮುಲ್ ಹರಮೈನ್' ಎಂದು ಖ್ಯಾತರಾದ ಅಲ್-ಜುವೈನಿ ಅವರ ಶಿಷ್ಯರಾದರು. ಅಲ್ಲಿ ಶಾಫಿಈ ನ್ಯಾಯಶಾಸ್ತ್ರ, ಅಶ್ಅರಿ ಪಂಥದ ಧರ್ಮಮೀಮಾಂಸೆ ಮತ್ತು ತರ್ಕಶಾಸ್ತ್ರಗಳಲ್ಲಿ ಪ್ರಾವೀಣ್ಯ ಪಡೆದರು. ೧೦೮೫ರಲ್ಲಿ ಗುರುಗಳು ನಿಧನರಾದ ಬಳಿಕ ಸೆಲ್ಜುಕ್ ಸಾಮ್ರಾಜ್ಯದ ವಜೀರ ನಿಜಾಮುಲ್ ಮುಲ್ಕ್‌ನ ಆಶ್ರಯಕ್ಕೆ ಬಂದರು. ಅಲ್ಲಿ ನೆರೆಯುತ್ತಿದ್ದ ವಿದ್ವಾಂಸರೊಡನೆ ನಡೆದ ವಾದಗಳಲ್ಲಿ ಅವರ ಕೀರ್ತಿ ಹಬ್ಬಿತು.

ಬಾಗ್ದಾದಿನ ವರ್ಷಗಳು

೧೦೯೧ರಲ್ಲಿ ನಿಜಾಮುಲ್ ಮುಲ್ಕ್ ಇವರನ್ನು ಬಾಗ್ದಾದಿನ ನಿಜಾಮಿಯಾ ಮದರಸಾದ ಪ್ರಧಾನ ಅಧ್ಯಾಪಕರನ್ನಾಗಿ ನೇಮಿಸಿದನು. ಆಗ ಗಝಾಲಿಯವರಿಗೆ ಸುಮಾರು ೩೩ ವರ್ಷ. ಮುಸ್ಲಿಂ ಜಗತ್ತಿನಲ್ಲಿ ಒಬ್ಬ ವಿದ್ವಾಂಸನಿಗೆ ದೊರೆಯಬಹುದಾಗಿದ್ದ ಅತ್ಯುನ್ನತ ಪೀಠಗಳಲ್ಲಿ ಅದೂ ಒಂದಾಗಿತ್ತು. ಸುಮಾರು ೩೦೦ ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ಬಿಡುವಿನ ವೇಳೆಯಲ್ಲಿ ಗುರುವಿನ ನೆರವಿಲ್ಲದೆ ಗ್ರೀಕ್ ಮೂಲದ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿ, ತತ್ತ್ವಜ್ಞರ ಅಭಿಪ್ರಾಯಗಳನ್ನು 'ಮಖಾಸಿದುಲ್ ಫಲಾಸಿಫಾ' ಎಂಬ ಗ್ರಂಥದಲ್ಲಿ ನಿರೂಪಿಸಿದರು. ಇಬ್ನ್ ಸೀನಾ ಮೊದಲಾದವರ ವಾದಗಳನ್ನು ಖಂಡಿಸುವ 'ತಹಾಫುತುಲ್ ಫಲಾಸಿಫಾ' ೧೦೯೫ರಲ್ಲಿ ಪೂರ್ಣಗೊಂಡಿತು. ಅರಮನೆಯಲ್ಲಿಯೂ ಖಲೀಫರ ಆಸ್ಥಾನದಲ್ಲಿಯೂ ಅವರ ಮಾತಿಗೆ ಮನ್ನಣೆ ಇತ್ತು. ಈ ಅವಧಿಯಲ್ಲಿ ಅವರಲ್ಲಿ ಪಾಂಡಿತ್ಯದ ಗರ್ವವೂ ಇತರರ ಬಗ್ಗೆ ತಾತ್ಸಾರವೂ ಇದ್ದವೆಂದು ಅವರನ್ನು ಬಲ್ಲ ಸಮಕಾಲೀನ ಚರಿತ್ರಕಾರ ಅಬ್ದುಲ್ ಗಾಫಿರ್ ಅಲ್-ಫಾರಿಸಿ ದಾಖಲಿಸಿದ್ದಾರೆ.

ಆಂತರಿಕ ಸಂಕಟ

ಸೂಫಿಗಳ ಗ್ರಂಥಗಳನ್ನು ಓದಿದಾಗ ಗಝಾಲಿಯವರಿಗೆ ಒಂದು ಸತ್ಯ ಗೋಚರಿಸಿತು. ಆರೋಗ್ಯದ ಲಕ್ಷಣವನ್ನು ತಿಳಿಯುವುದು ಬೇರೆ, ಆರೋಗ್ಯವಂತನಾಗಿರುವುದು ಬೇರೆ. ಅದೇ ರೀತಿ ವೈರಾಗ್ಯದ ವ್ಯಾಖ್ಯೆಯನ್ನು ಬಲ್ಲವನು ವಿರಾಗಿಯಾಗಲಾರ. ತಮ್ಮ ಬೋಧನೆಯ ಹಿಂದಿನ ಉದ್ದೇಶವನ್ನು ಪರೀಕ್ಷಿಸಿಕೊಂಡಾಗ, ಅದು ದೇವರಿಗಾಗಿ ನಡೆದುದಲ್ಲ, ಸ್ಥಾನಮಾನ ಮತ್ತು ಕೀರ್ತಿಗಳ ಆಸೆಯಿಂದ ನಡೆದುದೆಂಬ ತೀರ್ಮಾನಕ್ಕೆ ಬಂದರು. ಬಾಗ್ದಾದನ್ನು ಬಿಡಬೇಕೆಂದು ಬೆಳಿಗ್ಗೆ ನಿಶ್ಚಯಿಸಿದರೆ ಸಂಜೆಗೆ ಆ ನಿಶ್ಚಯ ಸಡಿಲವಾಗುತ್ತಿತ್ತು. ೧೦೯೫ರ ಜುಲೈಯಿಂದ ಸುಮಾರು ಆರು ತಿಂಗಳು ಈ ತೊಳಲಾಟ ಮುಂದುವರಿಯಿತು. ಕೊನೆಗೆ ಪಾಠ ಹೇಳಲು ನಾಲಗೆಯೇ ಏಳದಾಯಿತು. ಅನ್ನ ನೀರು ಗಂಟಲಲ್ಲಿ ಇಳಿಯಲಿಲ್ಲ. ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದ ವ್ಯಾಧಿ, ಮನಸ್ಸಿನ ಭಾರ ಇಳಿಯದೆ ಔಷಧಿ ನಾಟದು ಎಂದು ವೈದ್ಯರು ಕೈಬಿಟ್ಟರು.

ಸಂಚಾರ ಮತ್ತು ಏಕಾಂತ

ಖಲೀಫರೂ ಮಿತ್ರರೂ ತಡೆಯಬಹುದೆಂಬ ಕಾರಣಕ್ಕೆ ಹಜ್ ಯಾತ್ರೆಗೆ ಹೊರಟಿರುವುದಾಗಿ ತಿಳಿಸಿ, ಗಝಾಲಿಯವರು ಅದೇ ವರ್ಷದ ಕೊನೆಯಲ್ಲಿ ಬಾಗ್ದಾದನ್ನು ತೊರೆದರು. ಕುಟುಂಬದ ನಿರ್ವಹಣೆಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿಬಿಟ್ಟರು. ಮದರಸಾದ ಪಾಠಗಳನ್ನು ಸಹೋದರ ಅಹ್ಮದ್ ವಹಿಸಿಕೊಂಡರು. ಡಮಾಸ್ಕಸ್‌ನಲ್ಲಿ ಉಮಯ್ಯದ್ ಮಸೀದಿಯ ಮಿನಾರನ್ನೇರಿ, ಬಾಗಿಲು ಮುಚ್ಚಿಕೊಂಡು ದಿನವಿಡೀ ಧ್ಯಾನದಲ್ಲಿರುತ್ತಿದ್ದರು. ಅಲ್ಲಿಂದ ಜೆರುಸಲೇಮಿಗೂ, ಪ್ರವಾದಿ ಇಬ್ರಾಹೀಮರ ಸಮಾಧಿ ಇರುವ ಹೆಬ್ರಾನಿಗೂ ಹೋದರು. ಆ ಸಮಾಧಿಯ ಮುಂದೆ ಅವರು ಮೂರು ಪ್ರತಿಜ್ಞೆಗಳನ್ನು ಮಾಡಿದರು: ರಾಜರ ಬಳಿಗೆ ಹೋಗದಿರುವುದು, ರಾಜರ ಹಣ ಸ್ವೀಕರಿಸದಿರುವುದು, ವಾದವಿವಾದಗಳಲ್ಲಿ ತೊಡಗದಿರುವುದು. ಮುಂದೆ ಮಕ್ಕಾ ಮತ್ತು ಮದೀನಾ ಯಾತ್ರೆ ಪೂರೈಸಿದರು. ಮಕ್ಕಳ ಕರೆಗೆ ಓಗೊಟ್ಟು ಊರಿಗೆ ಮರಳಿದರೂ ಏಕಾಂತ ಜೀವನವನ್ನೇ ಮುಂದುವರಿಸಿದರು.

ಹೃದಯಶುದ್ಧಿಯ ಚಿಂತನೆ

ಈ ಅವಧಿಯ ಫಲವೇ 'ಇಹ್ಯಾ ಉಲೂಮುದ್ದೀನ್', ಅಂದರೆ ಧಾರ್ಮಿಕ ಜ್ಞಾನಗಳ ಪುನರುಜ್ಜೀವನ. ತಲಾ ಹತ್ತು ಭಾಗಗಳಿರುವ ನಾಲ್ಕು ಸಂಪುಟಗಳು ಕ್ರಮವಾಗಿ ಆರಾಧನೆ, ದೈನಂದಿನ ನಡವಳಿಕೆ, ನಾಶಕ್ಕೆ ಒಯ್ಯುವ ದುರ್ಗುಣಗಳು ಮತ್ತು ಮುಕ್ತಿಗೆ ಒಯ್ಯುವ ಸದ್ಗುಣಗಳನ್ನು ಕುರಿತವು. ಕೃತಿಯ ಉತ್ತರಾರ್ಧ ಹೃದಯದ ವಿವರಣೆಯಿಂದಲೇ ಆರಂಭವಾಗುತ್ತದೆ.

ಗಝಾಲಿಯವರ ಪ್ರಕಾರ 'ಖಲ್ಬ್' ಅಥವಾ ಹೃದಯವೆಂದರೆ ಎದೆಯೊಳಗಿನ ಮಾಂಸಪಿಂಡವಲ್ಲ; ದೇವರನ್ನು ಅರಿಯಬಲ್ಲ ಮಾನವನ ಸೂಕ್ಷ್ಮ ಅಂತಸ್ಸತ್ತ್ವ. ಅದು ಕನ್ನಡಿಯಂತೆ. ಪಾಪದ ಮಸಿ ಹಿಡಿದಾಗ ಸತ್ಯ ಅದರಲ್ಲಿ ಪ್ರತಿಬಿಂಬಿಸದು. ಇದನ್ನು ವಿವರಿಸಲು ಅವರು ರೂಮ್ ಮತ್ತು ಚೀನಾ ದೇಶಗಳ ಕಲಾವಿದರ ಕಥೆಯನ್ನು ಬಳಸುತ್ತಾರೆ. ಎದುರುಬದುರು ಗೋಡೆಗಳಲ್ಲಿ ಒಂದನ್ನು ರೂಮಿನವರು ಬಣ್ಣಗಳಿಂದ ಚಿತ್ರಿಸಿದರು. ಚೀನಿಯರು ಬಣ್ಣವನ್ನೇ ಮುಟ್ಟದೆ ತಮ್ಮ ಗೋಡೆಯನ್ನು ಉಜ್ಜಿ ಹೊಳಪುಗೊಳಿಸಿದರು. ನಡುವಣ ಪರದೆ ಸರಿಸಿದಾಗ ಆ ಚಿತ್ರವೆಲ್ಲ ಚೀನಿಯರ ಗೋಡೆಯಲ್ಲಿ ಇನ್ನಷ್ಟು ಕಾಂತಿಯಿಂದ ಮೂಡಿತು. ವಿದ್ವಾಂಸರದು ಬಣ್ಣ ಹಚ್ಚುವ ಮಾರ್ಗ, ಸೂಫಿಗಳದು ಉಜ್ಜುವ ಮಾರ್ಗ ಎಂಬುದು ಕಥೆಯ ತಾತ್ಪರ್ಯ.

ಮತ್ಸರ, ಕೋಪ, ಜಿಪುಣತನ, ಅಹಂಕಾರ ಹಾಗೂ 'ರಿಯಾ' ಎನಿಸಿದ ತೋರಿಕೆಯ ಭಕ್ತಿ ಇವೆಲ್ಲ ಹೃದಯದ ರೋಗಗಳು. ದೇಹದ ಉಷ್ಣಕ್ಕೆ ಶೀತೋಪಚಾರ ಮಾಡುವಂತೆ ಇವುಗಳಿಗೂ ವಿರುದ್ಧವಾದ ಅಭ್ಯಾಸವೇ ಮದ್ದು. ಜಿಪುಣನು ಕಷ್ಟವಾದರೂ ದಾನ ಮಾಡಬೇಕು; ಅಹಂಕಾರಿಯು ವಿನಯದ ಕೆಲಸಗಳನ್ನು ಮಾಡಬೇಕು. ಮೊದಲು ಪ್ರಯಾಸದಿಂದ ಮಾಡಿದ್ದು ರೂಢಿಯಿಂದ ಸ್ವಭಾವವಾಗುತ್ತದೆ. ಆಸೆ ಮತ್ತು ಕೋಪಗಳನ್ನು ಬೇರುಸಹಿತ ಕೀಳುವುದು ಗುರಿಯಲ್ಲ. ಅವು ವಿವೇಕದ ಅಧೀನದಲ್ಲಿರಬೇಕು. ತನ್ನ ದೋಷ ತನಗೆ ಕಾಣದಿರುವುದರಿಂದ ಅದನ್ನರಿಯಲು ನಾಲ್ಕು ದಾರಿಗಳನ್ನು ಅವರು ಸೂಚಿಸುತ್ತಾರೆ: ಗುರುವಿನ ಮಾರ್ಗದರ್ಶನ, ಸತ್ಯ ನುಡಿಯುವ ಗೆಳೆಯ, ಶತ್ರುಗಳ ನಿಂದೆ, ಮತ್ತು ಇತರರಲ್ಲಿ ಕಂಡ ತಪ್ಪು ತನ್ನಲ್ಲಿದೆಯೇ ಎಂಬ ಪರಿಶೀಲನೆ.

ಧಾರ್ಮಿಕರ ಆತ್ಮವಂಚನೆಯನ್ನು ಗಝಾಲಿಯವರು ವಿಶೇಷವಾಗಿ ಪರಿಶೀಲಿಸಿದ್ದಾರೆ. ಮಸೀದಿ ಕಟ್ಟಿಸಿ ಅದರ ಮೇಲೆ ತನ್ನ ಹೆಸರು ಕೆತ್ತಿಸುವ ಧನಿಕನಿಗೆ, ಹೆಸರಿಲ್ಲದೆ ಒಂದು ದೀನಾರ್ ಕೊಡುವುದೂ ಕಷ್ಟವಾಗುತ್ತದೆ ಎಂಬುದು ಅವರ ಒಂದು ನಿದರ್ಶನ. ವಿದ್ವಾಂಸರನ್ನೂ, ಭಕ್ತರನ್ನೂ, ಸೂಫಿಗಳನ್ನೂ ಈ ವಿಮರ್ಶೆಯಿಂದ ಅವರು ಹೊರಗಿಡಲಿಲ್ಲ. ಆದರೆ ನಮಾಜು, ಉಪವಾಸ ಮುಂತಾದ ಬಾಹ್ಯ ವಿಧಿಗಳನ್ನು ಅವರು ತಳ್ಳಿಹಾಕಲಿಲ್ಲ. ಶರೀಅತ್ತಿನ ಪಾಲನೆ ಮತ್ತು ಅಂತರಂಗದ ಶುದ್ಧಿ ಒಂದನ್ನೊಂದು ಪೂರ್ಣಗೊಳಿಸುತ್ತವೆಂದು ಪ್ರತಿಪಾದಿಸಿದರು.

ಕೊನೆಯ ದಿನಗಳು

೧೧೦೬ರಲ್ಲಿ, ನಿಜಾಮುಲ್ ಮುಲ್ಕ್‌ನ ಮಗ ವಜೀರ ಫಖ್ರುಲ್ ಮುಲ್ಕ್‌ನ ಒತ್ತಾಯದಿಂದ ನೈಶಾಪುರದ ನಿಜಾಮಿಯಾದಲ್ಲಿ ಮತ್ತೆ ಬೋಧನೆಗೆ ತೊಡಗಿದರು. ಇದು ಹಳೆಯ ಪ್ರತಿಜ್ಞೆಗೆ ವಿರುದ್ಧವೇ ಎಂಬ ಪ್ರಶ್ನೆ ಏಳುವುದು ಸಹಜ. ಮೊದಲು ಕೀರ್ತಿ ತರುವ ವಿದ್ಯೆಯನ್ನು ಕಲಿಸುತ್ತಿದ್ದು, ಈಗ ಕೀರ್ತಿಯನ್ನು ತೊರೆಯಿಸುವ ವಿದ್ಯೆಯನ್ನು ಕಲಿಸುತ್ತಿರುವುದಾಗಿ ಅವರು 'ಅಲ್-ಮುನ್ಖಿದ್ ಮಿನದ್ದಲಾಲ್' ಎಂಬ ಆತ್ಮವೃತ್ತಾಂತದಲ್ಲಿ ಸಮಾಧಾನ ಹೇಳಿದ್ದಾರೆ. ಕೆಲಕಾಲದ ನಂತರ ತೂಸ್‌ಗೆ ಹಿಂದಿರುಗಿ, ಮನೆಯ ಬಳಿ ವಿದ್ಯಾರ್ಥಿಗಳಿಗಾಗಿ ಮದರಸಾವನ್ನೂ ಸೂಫಿಗಳಿಗಾಗಿ ಖಾನ್ಖಾವನ್ನೂ ನಡೆಸಿದರು. ಬಾಗ್ದಾದಿನ ಪೀಠಕ್ಕೆ ಮತ್ತೆ ಕರೆ ಬಂದಾಗ ನಿರಾಕರಿಸಿದರು. ೧೧೧೧ರ ಡಿಸೆಂಬರ್ ೧೮ರಂದು ತೂಸ್‌ನಲ್ಲಿಯೇ ನಿಧನರಾದರು.

ಪ್ರಭಾವ ಮತ್ತು ಟೀಕೆ

ಗಝಾಲಿಯವರ ಕೃತಿಗಳಿಗೆ ವಿರೋಧವೂ ಇತ್ತು. ಅಲ್ಮೊರಾವಿದ್ ದೊರೆಗಳ ಆಳ್ವಿಕೆಯ ಸ್ಪೇನಿನಲ್ಲಿ, ಅವರು ಬದುಕಿರುವಾಗಲೇ 'ಇಹ್ಯಾ'ದ ಪ್ರತಿಗಳನ್ನು ಸುಡಲಾಯಿತು. ಅದರಲ್ಲಿ ದುರ್ಬಲ ಹದೀಸ್‌ಗಳಿವೆಯೆಂದು ಇಬ್ನುಲ್ ಜೌಝಿ ಆಕ್ಷೇಪಿಸಿದರು. 'ತಹಾಫುತ್' ಗ್ರಂಥಕ್ಕೆ ಇಬ್ನ್ ರುಶ್ದ್ ಪ್ರತಿಖಂಡನೆ ಬರೆದರು. 'ಮಖಾಸಿದ್' ಲ್ಯಾಟಿನ್ ಭಾಷೆಗೆ ಅನುವಾದಗೊಂಡು, ಯೂರೋಪಿನ ಹಲವು ಪಂಡಿತರು ಗಝಾಲಿಯವರನ್ನು ತತ್ತ್ವಜ್ಞರ ಅನುಯಾಯಿಯೆಂದೇ ಭಾವಿಸಿದ್ದು ಒಂದು ವೈಚಿತ್ರ್ಯ.

'ಇಹ್ಯಾ'ದ ಸಾರವನ್ನು ಗಝಾಲಿಯವರೇ ಪಾರಸಿಯಲ್ಲಿ 'ಕೀಮಿಯಾ-ಎ-ಸಆದತ್' ಎಂಬ ಹೆಸರಿನಿಂದ ಬರೆದರು. ಭಾರತದಲ್ಲಿ ಅದು ಬಹುವಾಗಿ ಓದಲ್ಪಟ್ಟಿತು. ಮೊಗಲ್ ಚಕ್ರವರ್ತಿ ಅಕ್ಬರನಿಗೆ ಓದಿ ಹೇಳಲಾಗುತ್ತಿದ್ದ ಗ್ರಂಥಗಳಲ್ಲಿ ಅಬುಲ್ ಫಜಲ್ ಇದನ್ನೂ ಹೆಸರಿಸಿದ್ದಾನೆ. ಸೂಫಿ ಸಾಧನೆಗೆ ಸಂಪ್ರದಾಯನಿಷ್ಠ ಇಸ್ಲಾಮಿನಲ್ಲಿ ಭದ್ರವಾದ ಸ್ಥಾನ ದೊರೆತುದರಲ್ಲಿ ಗಝಾಲಿಯವರ ಪಾತ್ರ ದೊಡ್ಡದು. 'ಇಹ್ಯಾ' ಇಂದಿಗೂ ಮುಸ್ಲಿಂ ಜಗತ್ತಿನ ಮದರಸಾಗಳಲ್ಲಿಯೂ ಮನೆಗಳಲ್ಲಿಯೂ ಅಧ್ಯಯನಗೊಳ್ಳುತ್ತಿದೆ.