ಜಗತ್ತು ಸುಳ್ಳಲ್ಲ ಎಂದ ಆಚಾರ್ಯರು

ಶ್ರೀರಂಗಪಟ್ಟಣದಿಂದಾಗಲಿ, ನಾಗಮಂಗಲದಿಂದಾಗಲಿ, ನಮ್ಮ ಕೆ.ಆರ್. ಪೇಟೆಯಿಂದಾಗಲಿ, ವೈರಮುಡಿಯ ದಿನ ಜನ ಹೊರಡುವುದು ಮೇಲುಕೋಟೆಗೆ. ಆ ಜಾತ್ರೆಯಲ್ಲಿ ರಾಮಾನುಜಾಚಾರ್ಯರ ಹೆಸರು ಕೇಳದವರಿಲ್ಲ. ಅವರು ಹೇಳಿದ್ದೇನು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ವಿಶಿಷ್ಟಾದ್ವೈತ ಎಂಬ ಒಂದು ಅಂಕದ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಭೌತವಿಜ್ಞಾನ ಓದುತ್ತಿರುವ ನನಗೆ ಆ ಒಂದು ಅಂಕದೊಳಗೆ ಏನಿದೆ ಎಂದು ನೋಡುವ ಆಸೆಯಾಯಿತು.

ಸಂಪ್ರದಾಯದ ಲೆಕ್ಕದಲ್ಲಿ ಅವರು ಹುಟ್ಟಿದ್ದು 1017ರಲ್ಲಿ, ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ. ತೀರಿಕೊಂಡದ್ದು 1137ರಲ್ಲಿ. ಅಂದರೆ 120 ವರ್ಷ! ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಕಾಂಚಿಯಲ್ಲಿ ಯಾದವಪ್ರಕಾಶರ ಬಳಿ ಓದುವಾಗ, ಭಗವಂತನ ಕಣ್ಣನ್ನು ಬಣ್ಣಿಸುವ ಉಪನಿಷತ್ತಿನ ಒಂದು ಪದಕ್ಕೆ ಗುರು ಕೋತಿಯ ಹಿಂಭಾಗದ ಹೋಲಿಕೆ ಕೊಟ್ಟರಂತೆ. ಶಿಷ್ಯನ ಕಣ್ಣಲ್ಲಿ ನೀರು. ಆ ಪದಕ್ಕೆ ಸೂರ್ಯನಿಂದ ಅರಳಿದ ತಾವರೆ ಎಂಬ ಅರ್ಥವನ್ನೂ ಹೇಳಬಹುದು ಎಂದು ತೋರಿಸಿಕೊಟ್ಟರು. ಗುರುಶಿಷ್ಯರ ದಾರಿ ಬೇರೆಯಾಯಿತು.

ಮುಂದೆ ಶ್ರೀರಂಗ. ಅಲ್ಲಿ ಬ್ರಹ್ಮಸೂತ್ರಕ್ಕೆ ಶ್ರೀಭಾಷ್ಯ ಬರೆಯಲು ಬೋಧಾಯನರ ಹಳೆಯ ವೃತ್ತಿ ಬೇಕಾಯಿತು. ಅದಕ್ಕಾಗಿ ಕಾಶ್ಮೀರದವರೆಗೆ ಹೋದರು, ಗ್ರಂಥವನ್ನು ಅಲ್ಲೇ ಓದಬಹುದಿತ್ತೇ ಹೊರತು ತರುವಂತಿರಲಿಲ್ಲ, ಶಿಷ್ಯ ಕೂರೇಶರು ಅದನ್ನು ಬಾಯಿಪಾಠ ಮಾಡಿಕೊಂಡರು ಎನ್ನುತ್ತದೆ ಸಂಪ್ರದಾಯ. ಪಿಡಿಎಫ್ ಸಿಗಲಿಲ್ಲವೆಂದು ಅಸೈನ್‌ಮೆಂಟ್ ಮುಂದೂಡುವ ನಮ್ಮಂಥವರು ಈ ಕಥೆ ಕೇಳಬೇಕು.

ಶ್ರೀಭಾಷ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರೀಚಿಕೆಯ ವಿಚಾರ. ಬಿಸಿಲ್ಗುದುರೆಯಲ್ಲಿ ಕಾಣುವ ನೀರು ಬರೀ ಸುಳ್ಳು, ಹಾಗೆಯೇ ಜಗತ್ತೂ ಎಂಬ ವಾದ ಆಗ ಬಲವಾಗಿತ್ತು. ರಾಮಾನುಜರು ಒಪ್ಪಲಿಲ್ಲ. ಪ್ರತಿ ವಸ್ತುವಿನಲ್ಲೂ ಪಂಚಭೂತಗಳ ಪಾಲಿರುತ್ತದೆ, ಮರೀಚಿಕೆಯಲ್ಲೂ ನೀರಿನ ಅಂಶವಿದೆ, ಕಣ್ಣು ಇಲ್ಲದ್ದನ್ನು ಕಾಣುವುದಿಲ್ಲ ಎಂದರು. ಭೌತವಿಜ್ಞಾನದ ಪ್ರಕಾರ ಈ ವಿವರಣೆ ತಪ್ಪು. ಕಾದ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಆಕಾಶದ ಬಿಂಬ ನೆಲದ ಮೇಲೆ ನೀರಿನಂತೆ ಕಾಣುತ್ತದೆ. ಆದರೆ ಅವರು ಹಿಡಿದ ದಾರಿಯನ್ನು ನೋಡಿ. ಭ್ರಮೆಗೂ ಒಂದು ಕಾರಣವಿದೆ, ಆ ಕಾರಣ ಈ ಜಗತ್ತಿನಲ್ಲೇ ಇದೆ, ಹುಡುಕಿದರೆ ಸಿಗುತ್ತದೆ. ಪ್ರಯೋಗಾಲಯಕ್ಕೆ ಹೋಗುವವರಿಗೆ ಇದಕ್ಕಿಂತ ಹೆಚ್ಚಿನ ಅನುಮತಿ ಬೇಕೇ?

ಅವರ ಪ್ರಕಾರ ಜೀವಗಳೂ ಜಡವಸ್ತುವೂ ಸೇರಿದ ಈ ಜಗತ್ತು ಭಗವಂತನ ಶರೀರ. ಸೂಕ್ಷ್ಮವಾಗಿದ್ದದ್ದು ಸ್ಥೂಲವಾಗುತ್ತದೆ. ಆ ಬದಲಾವಣೆ ತೋರಿಕೆಯಲ್ಲ, ನಿಜ.

ಎರಡು ವರ್ಷದ ಹಿಂದೆ ಅಪ್ಪ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಸಮಾಧಾನ ಹೇಳಲು ಬಂದವರಲ್ಲಿ ಹಲವರು, ಎಲ್ಲ ಮಾಯೆ ಕಣವ್ವ ಎಂದರು. ವಾರವಾರ ಕ್ರಿಯಾಟಿನಿನ್ ಅಂಕಿ ಬರೆದಿಟ್ಟವಳು ನಾನು. ಏರುತ್ತಿದ್ದ ಆ ಅಂಕಿ ಮಾಯೆಯೇ? ಅಪ್ಪನ ಊದಿದ ಪಾದ ಮಾಯೆಯೇ? ಹಾಸ್ಟೆಲಿನ ಗೆಳತಿಯರು, ವಿಜ್ಞಾನ ಓದುವವಳಿಗೆ ಇನ್ನೂ ದೇವರೇ ಎಂದು ನಕ್ಕರು. ಎರಡು ಮಾತೂ ನನಗೆ ಹಿಡಿಸಲಿಲ್ಲ. ದೇಹವನ್ನು ಸುಳ್ಳೆನ್ನದೆಯೂ ದೇವರನ್ನು ನಂಬಬಹುದು ಎಂದು ಒಂಬೈನೂರು ವರ್ಷದ ಹಿಂದೆಯೇ ಒಬ್ಬರು ನಮ್ಮ ಪಕ್ಕದ ತಾಲ್ಲೂಕಿನಲ್ಲಿ ಕುಳಿತು ಬೋಧಿಸಿದ್ದರು ಎಂಬುದು ಗೊತ್ತಾದದ್ದು ಆಮೇಲೆ.

ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ ಇದರ ಹತ್ತಿರಕ್ಕೆ ಬಂದರು. 1929ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಜಗತ್ತೆಂದರೆ ವಸ್ತುಗಳ ರಾಶಿಯಲ್ಲ, ನಿರಂತರ ಆಗುವಿಕೆ. ದೇವರೂ ಆ ಆಗುವಿಕೆಯಲ್ಲಿ ಪಾಲುದಾರ. ಇದರಿಂದಲೇ ಪ್ರೊಸೆಸ್ ಥಿಯಾಲಜಿ ಎಂಬ ಚಿಂತನೆ ಬೆಳೆಯಿತು. ಅದೇ ಸಾಲಿನ ಚಾರ್ಲ್ಸ್ ಹಾರ್ಟ್‌ಶೋರ್ನ್ ಜಗತ್ತನ್ನು ದೇವರ ದೇಹಕ್ಕೇ ಹೋಲಿಸಿದರು. ಹಾಗೆಂದು ಎರಡೂ ಒಂದೇ ಎನ್ನಲಾಗದು. ರಾಮಾನುಜರ ಭಗವಂತ ಎಲ್ಲವನ್ನೂ ನಡೆಸುವವನು. ಶರೀರದ ದೋಷ, ನೋವು ಅವನನ್ನು ಮುಟ್ಟುವುದಿಲ್ಲ. ವೈಟ್‌ಹೆಡ್‌ರ ದೇವರು ಬಲವಂತ ಮಾಡುವವನಲ್ಲ, ನಮ್ಮ ಜೊತೆ ನೋಯುವವನು. ಮೊದಲ ಮಹಾಯುದ್ಧದಲ್ಲಿ ವೈಟ್‌ಹೆಡ್ ತಮ್ಮ ಮಗನನ್ನು ಕಳೆದುಕೊಂಡಿದ್ದರು. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ನೋವು ರಾಮಾನುಜರಿಗೂ ಹೊಸದಲ್ಲ. ಚೋಳ ಅರಸನ ಕೋಪಕ್ಕೆ ಗುರಿಯಾದಾಗ ಅವರು ಬಿಳಿ ಬಟ್ಟೆಯುಟ್ಟು ಶ್ರೀರಂಗ ಬಿಟ್ಟರಂತೆ. ಅವರ ಕಾವಿಯನ್ನು ತಾವುಟ್ಟು ಆಸ್ಥಾನಕ್ಕೆ ಹೋದ ಕೂರೇಶರು ಕಣ್ಣು ಕಳೆದುಕೊಂಡರು. ಕಾಡು ದಾಟಿ ಹೊಯ್ಸಳ ನಾಡಿಗೆ ಬಂದ ಆಚಾರ್ಯರು ಪಾಂಡವಪುರದ ಹತ್ತಿರದ ತೊಣ್ಣೂರಿನಲ್ಲಿ ನೆಲೆಸಿದರು. ಬಿಟ್ಟಿದೇವ ಅವರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. ಒಂದೇ ಅರಮನೆಯಲ್ಲಿ ಎರಡು ನಂಬಿಕೆ ಬಾಳಿದ್ದು ನನಗೆ ಮತಾಂತರದ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪೂಜೆಗೆ ಕ್ರಮ ಹಾಕಿಕೊಟ್ಟರು. ಊರಾಚೆ ಇಟ್ಟಿದ್ದ ಜನರನ್ನು ತಿರುಕುಲದವರು, ಅಂದರೆ ಶ್ರೀಕುಲದವರು ಎಂದು ಕರೆದು ವರ್ಷದ ಕೆಲವು ದಿನ ದೇವಾಲಯದೊಳಗೆ ಬರಮಾಡಿಕೊಂಡರಂತೆ. ಜಗತ್ತೆಲ್ಲ ದೇವರ ಶರೀರವಾದ ಮೇಲೆ ಕೆಲವೇ ದಿನ ಯಾಕೆ ಎಂದು ಇಂದಿನ ನಾವು ಕೇಳಬಹುದು. ಆ ಕಾಲಕ್ಕೆ ಅಷ್ಟೂ ಸಣ್ಣದಲ್ಲ.

ಸುಮಾರು ಹನ್ನೆರಡು ವರ್ಷ ಈ ಕಡೆ ಇದ್ದು, ಕಾಲ ತಿಳಿಯಾದ ಮೇಲೆ ಅವರು ಶ್ರೀರಂಗಕ್ಕೆ ಹೊರಟರು ಎನ್ನುತ್ತಾರೆ. ಇಲ್ಲಿನ ಶಿಷ್ಯರಿಗೆ ಅಗಲಿಕೆ ಸಹಿಸಲಾಗಲಿಲ್ಲ. ಅವರಿಗಾಗಿ ತಮ್ಮದೇ ಒಂದು ವಿಗ್ರಹ ಮಾಡಿಸಿ ಬಿಟ್ಟುಹೋದರಂತೆ. ಅದನ್ನು ಭಕ್ತರು ಮೆಚ್ಚಿದ ಮೂರ್ತಿ ಎನ್ನುತ್ತಾರೆ. ಮೇಲುಕೋಟೆಯ ಗುಡಿಯಲ್ಲಿ ಈಗಲೂ ಇದೆ, ಮುಂದಿನ ಸಲ ಹೋದಾಗ ಒಂದು ನಿಮಿಷ ನಿಂತು ನೋಡಿ.