ನಗೆಯೂ ಕಾಯಕವಾದ ಬದುಕು: ನಾಟಕರತ್ನ ಗುಬ್ಬಿ ವೀರಣ್ಣನವರು

ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ನಾಟಕ ಕಂಪನಿಯ ಯಜಮಾನರಾಗಿ, ಹಾಸ್ಯನಟರಾಗಿ, ಚಲನಚಿತ್ರ ನಿರ್ಮಾಪಕರಾಗಿ ನಾಡಿನ ಮನೆಮನೆಯಲ್ಲೂ ಹೆಸರಾಗಿದ್ದ ಅವರು ತಮ್ಮ ಬದುಕಿನ ಕಥೆಗೆ ಕೀರ್ತಿಯನ್ನು ಸೂಚಿಸುವ ಶಬ್ದವನ್ನು ಆರಿಸಿಕೊಳ್ಳಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಮಾತೊಂದನ್ನು ಆರಿಸಿಕೊಂಡರು. ಇಂದು ಕಾಯಕವೆಂಬುದು ಯಾವ ಉದ್ಯೋಗಕ್ಕೆ ಬೇಕಾದರೂ ಅಂಟಿಸುವ ಚೀಟಿಯಂತಾಗಿದೆ. ಶರಣರು ಅದನ್ನು ಅಷ್ಟು ಅಗ್ಗವಾಗಿ ಬಳಸಿದವರಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಕಥೆ ಭಕ್ತರೆಲ್ಲರಿಗೂ ಗೊತ್ತು. ಸತ್ಯಶುದ್ಧವಾದ ದುಡಿಮೆ, ಕೂಡಿಡದ ಮನಸ್ಸು, ದಾಸೋಹಕ್ಕೆ ಸಲ್ಲುವ ಫಲ ಇವು ಇದ್ದಾಗ ಮಾತ್ರ ಕೆಲಸ ಕಾಯಕವೆನಿಸುತ್ತದೆ. ಟಿಕೆಟ್ಟು ಮಾರಿ, ಬಣ್ಣ ಹಚ್ಚಿ, ಜನರನ್ನು ನಗಿಸುವ ವೃತ್ತಿಗೆ ಆ ಹೆಸರು ಸಲ್ಲುವುದೇ? ವೀರಣ್ಣನವರ ಬದುಕನ್ನು ಈ ಪ್ರಶ್ನೆಯ ಮೂಲಕ ನೋಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ತುಮಕೂರು ಜಿಲ್ಲೆಯ ಗುಬ್ಬಿ ಶಿವಶರಣರ ನೆಲ. ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಊರು, ಗೋಸಲ ಚನ್ನಬಸವೇಶ್ವರರ ಸನ್ನಿಧಾನವಿರುವ ಊರು. 1884ರಲ್ಲಿ ಇಲ್ಲಿಯ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಕಲಾಸಕ್ತರು ಸೇರಿ ನಾಟಕ ಮಂಡಳಿಯೊಂದನ್ನು ಕಟ್ಟಿದಾಗ ಅದಕ್ಕೆ ಆ ಚನ್ನಬಸವೇಶ್ವರರ ಹೆಸರನ್ನೇ ಇಟ್ಟರು. ಮುಸ್ಲಿಂ ಗೃಹಸ್ಥರೊಬ್ಬರು ಚನ್ನಬಸವೇಶ್ವರರ ಹೆಸರಿನ ಸಂಘಕ್ಕೆ ಹೆಗಲು ಕೊಟ್ಟದ್ದನ್ನು ಅಂದಿನವರು ವಿಶೇಷವೆಂದು ಎತ್ತಿ ಆಡಿರಲಾರರು. ನಮಗೆ ಮಾತ್ರ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಎಂದರೆ ಕಂಪನಿ ಹುಟ್ಟಿದ ಏಳು ವರ್ಷಗಳ ತರುವಾಯ. ಬಾಲ್ಯದಲ್ಲಿಯೇ ಅದರೊಳಗೆ ಸೇರಿಕೊಂಡ ಅವರಿಗೆ ರಂಗವೇ ಪಾಠಶಾಲೆಯಾಯಿತು. ಹಾಡು, ಮಾತು, ಪರದೆಯ ಕೆಲಸ, ಡೇರೆಯ ವ್ಯವಸ್ಥೆ ಎಲ್ಲವನ್ನೂ ಅಲ್ಲಿಯೇ ಕಲಿತು, 1917ರ ವೇಳೆಗೆ ಅವರು ಅದರ ಯಜಮಾನಿಕೆಯನ್ನು ವಹಿಸಿಕೊಂಡರು. ಅಲ್ಲಿಂದಾಚೆಗೆ ಗುಬ್ಬಿ ಕಂಪನಿಯ ಕಥೆಯೂ ವೀರಣ್ಣನವರ ಕಥೆಯೂ ಒಂದೇ.

ಜನ ಅವರನ್ನು ಮೊದಲು ಗುರುತಿಸಿದ್ದು ಕಳ್ಳನಾಗಿ! ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ತಂದುಕೊಟ್ಟ ಹೆಸರು ಅಷ್ಟಿಷ್ಟಲ್ಲ. ಸದಾರಮೆ ರಾಜಕುಮಾರನ ಕೈಹಿಡಿದು, ಅರಮನೆ ಕಳೆದುಕೊಂಡು, ಕಷ್ಟಗಳ ಸರಮಾಲೆಯಲ್ಲಿ ಸಿಕ್ಕಿ, ಕೊನೆಗೆ ತನ್ನ ಬುದ್ಧಿಯಿಂದಲೇ ಪಾರಾಗುವ ಹೆಣ್ಣು. ಅವಳನ್ನು ಹೊತ್ತೊಯ್ಯುವ ಕಳ್ಳ ಕಥೆಯಲ್ಲಿ ಕೇವಲ ಖಳ. ವೀರಣ್ಣನವರು ಅವನನ್ನು ಮನುಷ್ಯನನ್ನಾಗಿ ಮಾಡಿದರು. ಕದಿಯಲು ಬಂದು ತಾನೇ ಮೋಸಹೋಗುವ, ಜಾಣನೆಂದುಕೊಂಡು ಪೆದ್ದನಾಗುವ ಆ ಕಳ್ಳನನ್ನು ಕಂಡು ನಕ್ಕವರು ತಮ್ಮೊಳಗಿನ ಆಸೆಬುರುಕನನ್ನು ಕಂಡೇ ನಕ್ಕಿರಬೇಕು. ಅದೇ ನಾಟಕ 1935ರಲ್ಲಿ ಚಲನಚಿತ್ರವೂ ಆಯಿತು.

ಹಾಸ್ಯವೆಂದರೆ ಹಗುರವೆಂದು ಭಾವಿಸುವವರು ಕಲ್ಯಾಣದ ಶರಣರ ಪಟ್ಟಿಯನ್ನೊಮ್ಮೆ ನೋಡಬೇಕು. ಅಲ್ಲಿ ಬಹುರೂಪಿ ಚೌಡಯ್ಯನವರಿದ್ದಾರೆ. ನಾನಾ ವೇಷಗಳನ್ನು ಧರಿಸಿ ಆಡುವುದೇ ಅವರ ಕಾಯಕ. ಢಕ್ಕೆ ಬಾರಿಸಿ ಹಾಡುತ್ತಿದ್ದ ಢಕ್ಕೆಯ ಬೊಮ್ಮಣ್ಣನವರಿದ್ದಾರೆ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ನಗೆಯ ಮಾರಿತಂದೆಯವರಿದ್ದಾರೆ. ಇಷ್ಟೇ ಅಲ್ಲ, ಗೋಡೆಗೆ ಕನ್ನ ಕೊರೆಯುತ್ತಿದ್ದವರೂ ಶರಣಪಥಕ್ಕೆ ಬಂದು ಕನ್ನದ ಮಾರಿತಂದೆ ಎಂದೇ ಹೆಸರಾಗಿದ್ದಾರೆ. ಇವರೆಲ್ಲ ವಚನಗಳನ್ನು ರಚಿಸಿದವರು. ಅನುಭವ ಮಂಟಪದ ಚಿಂತನೆಯಲ್ಲಿ ಪಾಲುಗೊಂಡವರು. ತತ್ತ್ವವು ಪಂಡಿತರ ಮನೆಯಲ್ಲಿ ಹುಟ್ಟಿ ಕೆಳಗಿಳಿದು ಬರುತ್ತದೆ ಎಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲ. ಅದು ಬೀದಿಯಲ್ಲಿ, ಸಂತೆಯಲ್ಲಿ, ಆಟದ ಕಣದಲ್ಲಿಯೂ ಹುಟ್ಟಬಲ್ಲುದೆಂದು ಬದುಕಿ ತೋರಿಸಿದರು. ನಾಟಕ, ಸಿನಿಮಾಗಳಲ್ಲಿ ಧರ್ಮವನ್ನು ಹುಡುಕಬಹುದೇ ಎಂದು ಭಕ್ತರು ಆಗಾಗ ಕೇಳುವುದುಂಟು. ವೇಷಧಾರಿಗೂ ವಿದೂಷಕನಿಗೂ ಪೀಠ ಕೊಟ್ಟ ಪರಂಪರೆಯವರು ಈ ಪ್ರಶ್ನೆಗೆ ತಡವರಿಸಬೇಕಾಗಿಲ್ಲ.

ಹಾಗೆಂದು ರಂಗದ ಮೇಲೆ ನಡೆದದ್ದೆಲ್ಲವೂ ತತ್ತ್ವವೇ ಎಂದು ನಾವು ಹೇಳುತ್ತಿಲ್ಲ. 1934ರ ‘ಕುರುಕ್ಷೇತ್ರ’ ನಾಟಕವನ್ನೇ ತೆಗೆದುಕೊಳ್ಳೋಣ. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ಆ ನಾಟಕದಲ್ಲಿ ನಿಜವಾದ ಆನೆ, ಕುದುರೆ, ರಥಗಳೇ ರಂಗಕ್ಕೆ ಬಂದವು. ಊರಿಗೆ ಊರೇ ಬೆರಗಾಯಿತು. ಕಂಪನಿಯ ಸಾಹಸಗಳಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲವೆಂದು ಇಂದಿಗೂ ಹೇಳುತ್ತಾರೆ. ಆದರೆ ಆನೆಯೊಂದು ಘೀಳಿಡುತ್ತಾ ಎದುರು ನಿಂತಾಗ ಅರ್ಜುನನ ವಿಷಾದದ ಕಡೆಗೆ ಎಷ್ಟು ಜನರ ಚಿತ್ತ ಹೋದೀತು? ವೈಭವವು ವಿಚಾರವನ್ನು ನುಂಗುವ ಅಪಾಯ ಜನಪ್ರಿಯ ಕಲೆಗೆ ಎಂದಿಗೂ ಇದ್ದದ್ದೇ. ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಆನೆ ಕುದುರೆಗಳ ಆ ನಾಟಕವನ್ನು ಬರೆದ ಪುಟ್ಟಸ್ವಾಮಯ್ಯನವರೇ ಮುಂದೆ ಬಸವಣ್ಣನವರ ಕಾಲದ ಕಲ್ಯಾಣವನ್ನು ಕುರಿತು ಕಾದಂಬರಿಗಳ ಮಾಲೆಯನ್ನೇ ಬರೆದರು. ಅದರಲ್ಲಿ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಡೇರೆಯ ನಾಟಕಕ್ಕೆ ಮಾತು ಹೆಣೆದ ಲೇಖನಿಯೇ ಶರಣರ ಮಹಾಕಥನವನ್ನೂ ಬರೆಯಿತು.

ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಬಣ್ಣ ಹಚ್ಚುವ ಹೆಣ್ಣನ್ನು ಸಮಾಜ ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ಬಲ್ಲವರಿಗೆ ಈ ಹೆಜ್ಜೆಯ ತೂಕ ತಿಳಿಯುತ್ತದೆ. ಅವರ ಧರ್ಮಪತ್ನಿಯರಲ್ಲೊಬ್ಬರಾದ ಬಿ. ಜಯಮ್ಮನವರು ಗಾಯನ ಅಭಿನಯಗಳೆರಡರಲ್ಲೂ ಕಂಪನಿಗೆ ಕಳಶಪ್ರಾಯರಾದರು. ಮಕ್ಕಳಿಗಾಗಿಯೇ ಒಂದು ತಂಡವನ್ನೂ ವೀರಣ್ಣನವರು ನಡೆಸಿದರು.

ಮೂಕಿಚಿತ್ರಗಳ ಕಾಲದಲ್ಲಿಯೇ ಸಿನಿಮಾದತ್ತ ಕೈಚಾಚಿದ್ದ ಅವರು, ಅದನ್ನು ರಂಗಭೂಮಿಯ ವೈರಿಯೆಂದು ಬಗೆಯಲಿಲ್ಲ. ‘ಸುಭದ್ರಾ’, ‘ಜೀವನ ನಾಟಕ’ಗಳ ತರುವಾಯ 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಬಂದಿತು. ಶ್ರೀಶೈಲ ಮಲ್ಲಿಕಾರ್ಜುನನ ಪರಮಭಕ್ತೆಯಾದ ಈ ಶಿವಶರಣೆ ಮಠದಲ್ಲಾಗಲಿ ವನದಲ್ಲಾಗಲಿ ಸಾಧನೆ ಮಾಡಿದವಳಲ್ಲ. ಸಾಧುಸ್ವಭಾವದ ಗಂಡ, ಕಾಡುವ ಅತ್ತೆ ಮತ್ತು ನೆಗೆಣ್ಣಿಯರ ನಡುವೆ, ಬೀಸುವ ಕಲ್ಲಿನ ಮುಂದೆ, ದನದ ಕೊಟ್ಟಿಗೆಯಲ್ಲಿ ಶಿವನನ್ನು ಕಂಡವಳು. ದಾರಿತಪ್ಪಿದ ಮೈದುನ ವೇಮನ ತನ್ನ ಮೂಗುತಿಯನ್ನೇ ಕೇಳಲು ಬಂದಾಗ ಶಪಿಸದೆ, ಆ ಮೂಗುತಿಯ ನೆಪದಿಂದಲೇ ಅವನ ಕಣ್ಣು ತೆರೆಸಿದಳೆಂದು ಕಥೆ ಹೇಳುತ್ತದೆ. ಸಂಸಾರವೇ ಸಾಧನೆಯ ನೆಲೆಯೆಂಬುದು ಶರಣಧರ್ಮದ ಮುಖ್ಯ ತಿರುಳು. ಓದುಬರಹ ಬಾರದ ಒಬ್ಬ ತಾಯಿಗೆ ಅದನ್ನು ಶಾಸ್ತ್ರದ ಭಾಷೆಯಲ್ಲಿ ವಿವರಿಸುವುದು ಕಷ್ಟ. ಮಲ್ಲಮ್ಮನ ಪಾತ್ರದಲ್ಲಿ ತನ್ನದೇ ಅಡುಗೆಮನೆಯನ್ನು ಕಂಡ ತಾಯಿಗೆ ವಿವರಣೆಯ ಅಗತ್ಯವೇ ಇರಲಿಲ್ಲ.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವುದು 1954ರ ‘ಬೇಡರ ಕಣ್ಣಪ್ಪ’. ಜಿ. ವಿ. ಅಯ್ಯರ್ ಅವರ ರಚನೆ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನ. ಗುಬ್ಬಿ ಕಂಪನಿಯಲ್ಲಿ ಹೆಸರಾಂತ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ಅದೇ ಕಂಪನಿಯಲ್ಲಿ ಬೆಳೆದ ಮುತ್ತುರಾಜ್, ಈ ಚಿತ್ರದಿಂದ ರಾಜ್‌ಕುಮಾರ್ ಆದರು. ಹಾಸ್ಯನಟ ನರಸಿಂಹರಾಜು ಅವರ ಚಿತ್ರಯಾನವೂ ಇಲ್ಲಿಂದಲೇ ಮೊದಲಾಯಿತು. ಚಿತ್ರರಂಗದ ಇತಿಹಾಸ ಬರೆಯುವವರು ಇಷ್ಟನ್ನು ಹೇಳಿ ಮುಂದೆ ಹೋಗುತ್ತಾರೆ. ನಾವು ಕಥೆಯ ಬಳಿ ನಿಲ್ಲಬೇಕು.

ಕಣ್ಣಪ್ಪ ನಮ್ಮ ಪುರಾತನರಲ್ಲೊಬ್ಬ. ತಮಿಳುನಾಡಿನ ಅರವತ್ತಮೂವರ ಸಾಲಿನಲ್ಲಿ ಬರುವ ಈ ಬೇಡನನ್ನು ಹರಿಹರ ಕವಿ ಕನ್ನಡದ ರಗಳೆಗೆ ತಂದ. ಶರಣರು ತಮ್ಮ ವಚನಗಳಲ್ಲಿ ಅವನನ್ನು ಮತ್ತೆ ಮತ್ತೆ ನೆನೆದರು. ಅವನು ಕಾಳಹಸ್ತಿಯ ಲಿಂಗಕ್ಕೆ ಎರೆದದ್ದು ಬಾಯಲ್ಲಿ ಹೊತ್ತು ತಂದ ನೀರು. ಅರ್ಪಿಸಿದ್ದು ತಾನು ರುಚಿ ನೋಡಿದ ಮಾಂಸ. ಪೂಜಾರಿಯ ಕಣ್ಣಿಗೆ ಅದೆಲ್ಲ ಮೈಲಿಗೆ. ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ಬೇಡ ತನ್ನ ಕಣ್ಣನ್ನು ಕಿತ್ತು ಅಲ್ಲಿ ಇಟ್ಟ. ಎರಡನೆಯ ಕಣ್ಣಿನಿಂದಲೂ ರಕ್ತ ಹರಿಯಿತು. ತನ್ನ ಉಳಿದ ಕಣ್ಣನ್ನೂ ಕಿತ್ತರೆ ಅದನ್ನು ಇಡಬೇಕಾದ ಜಾಗ ಕಾಣುವುದಿಲ್ಲವಲ್ಲ! ಗುರುತಿಗಾಗಿ ಅವನು ತನ್ನ ಕಾಲನ್ನೇ ಲಿಂಗದ ಮೇಲೆ ಊರಿದ.

ಈ ಕಾಲಿನ ಸಂಗತಿಯನ್ನು ಎಷ್ಟು ಬಗೆದರೂ ಮುಗಿಯದು. ಕಣ್ಣು ಕೊಡುವುದು ತ್ಯಾಗ. ಅದನ್ನು ಯಾವ ಮತದವರೂ ಕೊಂಡಾಡಬಲ್ಲರು. ಲಿಂಗದ ಮೇಲೆ ಕಾಲಿಡುವುದು ಮಹಾಪರಾಧ. ಅದನ್ನು ಯಾವ ವಿಧಿಯೂ ಕ್ಷಮಿಸದು. ಆ ಅಪರಾಧವಿಲ್ಲದೆ ಆ ತ್ಯಾಗವಿಲ್ಲ. ಭಾವ ಶುದ್ಧವಿದ್ದರೆ ಕ್ರಿಯೆಯ ಮೈಲಿಗೆ ತಾನಾಗಿ ಕಳೆಯುತ್ತದೆಯೇ, ಭಕ್ತಿಗೆ ಜಾತಿಯ ಅರ್ಹತೆ ಬೇಕೇ, ದೇವರ ಬಳಿ ನಿಲ್ಲುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗಳೆಲ್ಲ ಆ ಒಂದು ಕಾಲಿನಡಿಯಲ್ಲಿವೆ. ಶರಣರು ಕಲ್ಯಾಣದಲ್ಲಿ ಎತ್ತಿದ ಪ್ರಶ್ನೆಗಳೂ ಇವೇ. 1954ರಲ್ಲಿ, ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿ ನಾಲ್ಕೇ ವರ್ಷ ಕಳೆದಿದ್ದಾಗ, ಇನ್ನೂ ಎಷ್ಟೋ ಊರುಗಳ ಗುಡಿಯ ಬಾಗಿಲು ಎಲ್ಲರಿಗೂ ತೆರೆದಿರದಿದ್ದಾಗ, ಬೇಡನೊಬ್ಬನು ಲಿಂಗದ ಮೇಲೆ ಕಾಲೂರಿ ಮುಕ್ತಿ ಪಡೆಯುವ ದೃಶ್ಯವನ್ನು ಎಲ್ಲ ಜಾತಿಯ ಜನರೂ ಒಂದೇ ಸೂರಿನಡಿ ಕುಳಿತು ನೋಡಿದರು. ಅಲ್ಲಿ ಅವರೆಲ್ಲರ ಮರುಕ ಇದ್ದದ್ದು ಪೂಜಾರಿಯ ಪರವಾಗಿ ಅಲ್ಲ, ಬೇಡನ ಪರವಾಗಿ. ಈ ಚಿತ್ರದಲ್ಲಿ ಆನೆ ಕುದುರೆಗಳ ಮೆರವಣಿಗೆಯ ಅಗತ್ಯವೇ ಬೀಳಲಿಲ್ಲ. ವೀರಣ್ಣನವರ ಸಾಹಸಗಳಲ್ಲಿ ‘ಕುರುಕ್ಷೇತ್ರ’ ದೊಡ್ಡದು, ‘ಬೇಡರ ಕಣ್ಣಪ್ಪ’ ಆಳವಾದದ್ದು ಎಂಬುದು ನಮ್ಮ ಅಭಿಪ್ರಾಯ.

ಇನ್ನು ದಾಸೋಹದ ಮಾತು. ಟಿಕೆಟ್ಟಿನ ಹಣ ಎಲ್ಲಿಗೆ ಹೋಯಿತೆಂದು ಕೇಳದೆ ಕಾಯಕದ ಲೆಕ್ಕ ಪೂರ್ಣವಾಗದು. ಕಂಪನಿಯೆಂದರೆ ನಟರು, ಹಾರ್ಮೋನಿಯಂ ತಬಲದವರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು ಎಲ್ಲರೂ ಕೂಡಿದ ದೊಡ್ಡ ಸಂಸಾರ. ಕ್ಯಾಂಪು ಏಳಲಿ ಬೀಳಲಿ, ಒಲೆ ಉರಿಯಲೇಬೇಕು. ಆದರೆ ತನ್ನ ಕೆಲಸಗಾರನಿಗೆ ಉಣ್ಣಿಸುವುದು ಯಾವ ಯಜಮಾನನಿಗಾದರೂ ಲಾಭದ ಬಾಬತ್ತೇ ಎಂದು ವಾದಿಸಬಹುದು. ಆದ್ದರಿಂದ ನಾವು ಬೇರೊಂದು ನಿದರ್ಶನವನ್ನು ಮುಂದಿಡುತ್ತೇವೆ.

ದಕ್ಷಿಣ ಕನ್ನಡದಿಂದ ಮನೆಬಿಟ್ಟು ಓಡಿಬಂದ ಹುಡುಗನೊಬ್ಬ ಗುಬ್ಬಿ ಕಂಪನಿ ಸೇರಿದ. ಹಾಡಬಲ್ಲವನು, ಚುರುಕು ಬುದ್ಧಿಯವನು. ಇಂಥವನನ್ನು ಕಂಪನಿಯಲ್ಲೇ ಕಟ್ಟಿಹಾಕಿಕೊಳ್ಳುವುದು ವ್ಯವಹಾರದ ಜಾಣತನ. ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಎಂ.ಎ. ಪದವಿ ಪಡೆದ ಆ ಹುಡುಗ ಮರಳಿ ಕಂಪನಿಯ ಗಲ್ಲಾಪೆಟ್ಟಿಗೆಯನ್ನು ತುಂಬಿಸಲು ಬರಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದ. ಕಂಪನಿ ನಾಟಕಗಳಿಗಿಂತ ಬೇರೆಯದೇ ಆದ ಹೊಸ ರಂಗಭೂಮಿಯನ್ನು ಕಟ್ಟಿದ. ಅವರೇ ಬಿ. ವಿ. ಕಾರಂತರು. ತನ್ನ ಮಾರ್ಗವನ್ನೇ ಹಳೆಯದಾಗಿಸಬಲ್ಲವನಿಗೆ ಅನ್ನ ವಿದ್ಯೆಗಳನ್ನು ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು. ಅದನ್ನು ದಾಸೋಹವೆಂದು ಕರೆಯಲು ನಮಗೆ ಸಂಕೋಚವಿಲ್ಲ.

ನಾಟಕರತ್ನವೆಂಬ ಬಿರುದು ವೀರಣ್ಣನವರ ಹೆಸರಿನೊಂದಿಗೇ ಬೆರೆತುಹೋಯಿತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ, 1972ರಲ್ಲಿ ಪದ್ಮಶ್ರೀ ಬಂದವು. ಅದೇ 1972ರ ಅಕ್ಟೋಬರ್ 18ರಂದು ಅವರು ಶಿವನ ಪಾದ ಸೇರಿದರು. ರಾಜ್ಯ ಸರ್ಕಾರ ರಂಗಸಾಧಕರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ಮೊಮ್ಮಗಳು ಬಿ. ಜಯಶ್ರೀಯವರು ರಂಗಭೂಮಿಯಲ್ಲಿ ಆ ಮನೆತನದ ದನಿಯನ್ನು ಮುಂದುವರಿಸಿದರು. ಕಾಶಿಗೆ ಹೋದ ಆ ಹುಡುಗ 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದಾಗ ವೀರಣ್ಣನವರು ಲಿಂಗೈಕ್ಯರಾಗಿ ಹದಿನೇಳು ವರ್ಷಗಳಾಗಿದ್ದವು.