ಗಣಿತಸಾರಸಂಗ್ರಹದ ಕರ್ತೃ ಶ್ರೀ ಮಹಾವೀರಾಚಾರ್ಯರು



ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೊಳಗೊಂಡ ನಮ್ಮ ಈ ಸೀಮೆಯು ಒಂದು ಕಾಲದಲ್ಲಿ ರಾಷ್ಟ್ರಕೂಟರ ಆಳಿಕೆಗೆ ಸೇರಿದ್ದಿತು. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡವೇ ಅವರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಬಾಳಿದ ದಿಗಂಬರ ಜೈನ ಗಣಿತಜ್ಞರೇ ಶ್ರೀ ಮಹಾವೀರಾಚಾರ್ಯರು. ಅದೇ ಕಾಲದ ಜಿನಸೇನಾಚಾರ್ಯರ ಹೆಸರನ್ನು ಅರಿಯದವರು ನಮ್ಮಲ್ಲಿ ವಿರಳ. ಇವರ ಹೆಸರನ್ನು ಅರಿತವರೇ ವಿರಳ.

ಕ್ರಿ.ಶ. 850ರ ಸುಮಾರಿಗೆ ಆಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಭಗವಾನ್ ವರ್ಧಮಾನರಿಗೆ ವಂದಿಸಿ, ನೃಪತುಂಗನನ್ನು ಕೊಂಡಾಡಿ ಆರಂಭವಾಗುವ ಈ ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಶ್ಶಾಸ್ತ್ರದ ಜೊತೆಯಲ್ಲಿ ಹೇಳಿದರೆ, ಇವರು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು. ಬಡ್ಡಿಯ ಲೆಕ್ಕ, ಪಾಲುದಾರರ ಹಂಚಿಕೆ, ಬೇರೆ ಬೇರೆ ಬಣ್ಣದ ಚಿನ್ನವನ್ನು ಒಟ್ಟಿಗೆ ಕರಗಿಸಿದಾಗ ಬರುವ ಬಣ್ಣದ ಲೆಕ್ಕ ಎಲ್ಲವೂ ಅದರಲ್ಲುಂಟು. ಹಟ್ಟಿಯ ಚಿನ್ನದ ಗಣಿಯ ಆಸುಪಾಸಿನಲ್ಲಿ ವ್ಯಾಪಾರ ಮಾಡುವ ನಮ್ಮಂಥವರಿಗೆ ಇದು ಪರಕೀಯವೆನಿಸದು.

ಆದರೆ ಆಚಾರ್ಯರ ಮನಸ್ಸು ಅಂಗಡಿಯ ಲೆಕ್ಕಕ್ಕೆ ನಿಲ್ಲಲಿಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತಗಳನ್ನು ವಿವೇಚಿಸಿದ ಪರಂಪರೆ ಅವರದು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಹೇಳಿದ್ದಾರೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು. (24 ಎಂಬುದು ನಮಗೆ ಆಪ್ತವಾದ ಸಂಖ್ಯೆಯೇ ಸರಿ.)

ಗುಣಾಕಾರದ ಪ್ರಕರಣದಲ್ಲಿ ಅವರು ಕೆಲವು ದೊಡ್ಡ ಸಂಖ್ಯೆಗಳನ್ನು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. 27994681ನ್ನು 441ರಿಂದ ಗುಣಿಸಿರಿ, 12345654321 ಬರುತ್ತದೆ. ನಮ್ಮ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಮರಳಿ ಒಂದಕ್ಕೆ ಇಳಿಯುವ ಈ ಹಾರದ ಗುಟ್ಟನ್ನು ಬಿಡಿಸಿ ನೋಡಬಹುದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಇಡೀ ಹಾರವು 111111ರ ವರ್ಗವೇ ಆಗಿದೆ. ಒಂಬತ್ತು ಒಂದುಗಳವರೆಗೆ ವರ್ಗ ಮಾಡಿದರೂ ಹಾರ ಹೀಗೆಯೇ ಬೆಳೆಯುತ್ತದೆ; ಹತ್ತಾದರೆ ದಶಕ ಏರಿ ಹಾರ ಹರಿಯುತ್ತದೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದೂ ಅವರದೇ ಉದಾಹರಣೆ. ಕಾಗದ, ಯಂತ್ರಗಳಿಲ್ಲದ ಕಾಲದಲ್ಲಿ ಇಂತಹವನ್ನು ಕಂಡುಕೊಳ್ಳಲು ಎಷ್ಟು ತಾಳ್ಮೆ ಬೇಕಾಗಿದ್ದಿತು!

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಹೇಳಿದುದು ಮಾತ್ರ ಸರಿಯಲ್ಲ. ಗೌರವವಿದೆಯೆಂದು ಇದನ್ನು ಮರೆಮಾಚಬೇಕಾಗಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ 2000ರಲ್ಲಿ ಹೊರಬಂದಿತು. ನಮ್ಮ ಬಸದಿಯ ಶಾಸ್ತ್ರಭಂಡಾರದಲ್ಲಿ ಪುರಾಣಗಳ ಮಗ್ಗುಲಲ್ಲಿ ಅದರ ಒಂದು ಪ್ರತಿಯನ್ನೂ ಇರಿಸಬೇಕೆಂದು, ಶಾಲೆಗೆ ಹೋಗುವ ಮಕ್ಕಳ ಕೈಗೆ ಅದು ಸಿಗುವಂತಾಗಬೇಕೆಂದು ಸಮಾಜದ ಹಿರಿಯರಲ್ಲಿ ವಿನಂತಿಸುತ್ತೇನೆ.